ರಕ್ಷಣಾ ಬಜೆಟ್‌ನ ರೊಕ್ಕ ಗದಗಿನ ತನಕ ಯಾಕೆ ಬರುವುದಿಲ್ಲ? ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಶ್ರೀ ಬಸವರಾಜ ಬೊಮ್ಮಾಯಿ ಅವರಿಗೆ,
ಸಂಸದರು, ಹಾವೇರಿ ಲೋಕಸಭಾ ಕ್ಷೇತ್ರ

ಸಾಹೇಬರೇ, ನಮಸ್ಕಾರ.

ಗದಗಿನ ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಸಣ್ಣದೊಂದು ಮಷಿನ್ ಶಾಪ್ ನಡೆಸುವವನು ನಾನು. ಕಂಪ್ಯೂಟರಿನಿಂದ ನಡೆಯುವ ಎರಡು ಸಿಎನ್‌ಸಿ, ಒಂದು ಹಳೆಯ ಲೇತ್, ಒಂದು ಮಿಲ್ಲಿಂಗ್ ಮಷಿನ್, ಕೈಕೆಳಗೆ ಐಟಿಐ ಓದಿದ ನಾಲ್ಕಾರು ಹುಡುಗರು. ಈ ಪತ್ರ ಬೀದಿದೀಪದ ಬಗ್ಗೆ ಅಲ್ಲ, ಕುಡಿಯುವ ನೀರಿನ ಬಗ್ಗೆಯೂ ಅಲ್ಲ. ಅವಕ್ಕೆ ಅರ್ಜಿ ಕೊಡುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುತ್ತಿರುವುದು ದೇಶದ ರಕ್ಷಣಾ ಖರ್ಚಿನ ಬಗ್ಗೆ. ಲೇತ್ ತಿರುಗಿಸುವವನಿಗೆ ದೇಶದ ಬಜೆಟ್ಟಿನ ಉಸಾಬರಿ ಯಾಕೆ ಎಂದು ಯಾರಾದರೂ ಕೇಳಬಹುದು. ನೀವು ಕೇಳಲಿಕ್ಕಿಲ್ಲ. ನೀವು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರು, ಮುಖ್ಯಮಂತ್ರಿಯಾಗಿ ರಾಜ್ಯದ ಬಜೆಟ್ ಮಂಡಿಸಿದವರು. ಡ್ರಾಯಿಂಗ್ ಓದಲಿಕ್ಕೂ ಆಯವ್ಯಯ ಓದಲಿಕ್ಕೂ ಬರುವ ಸಂಸದರು ನಮ್ಮ ಪಾಲಿಗೆ ಸಿಕ್ಕಿರುವಾಗ ಕೇಳದೆ ಬಿಟ್ಟರೆ ತಪ್ಪು ನಮ್ಮದಾಗುತ್ತದೆ.

2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರ ನಡೆದಾಗಿನಿಂದ ನಮ್ಮ ಎಸ್ಟೇಟಿನ ಚಹಾದಂಗಡಿಯಲ್ಲಿ ಎರಡು ಪಾರ್ಟಿ ಆಗಿವೆ. ಸೈನ್ಯಕ್ಕೆ ಎಷ್ಟು ಸುರಿದರೂ ಅದು ನಮ್ಮ ಕಾರ್ಖಾನೆಗಳಿಗೇ ಬರುತ್ತದೆ, ಕೆಲಸ ಹುಟ್ಟುತ್ತದೆ, ಜಿಡಿಪಿ ಏರುತ್ತದೆ ಎನ್ನುವುದು ಒಂದು ಪಾರ್ಟಿ. ಆ ರೊಕ್ಕದಲ್ಲಿ ಎಷ್ಟು ಸಾಲಿ, ಎಷ್ಟು ದವಾಖಾನೆ ಆಗುತ್ತಿದ್ದವು ಎನ್ನುವುದು ಇನ್ನೊಂದು. ದನಿ ಇಬ್ಬರದೂ ದೊಡ್ಡದೇ. ಬಜೆಟ್ ಅಂಕಿ ತೆಗೆದು ನೋಡಿದವರು ಮಾತ್ರ ಎರಡೂ ಕಡೆ ಇಲ್ಲ.

ನಾನು ತೆಗೆದೆ. 2025-26ರ ಬಜೆಟ್‌ನಲ್ಲಿ ರಕ್ಷಣಾ ಸಚಿವಾಲಯಕ್ಕೆ ಇಟ್ಟದ್ದು 6,81,210 ಕೋಟಿ ರೂಪಾಯಿ, ಕೇಂದ್ರದ ಒಟ್ಟು ಬಜೆಟ್ಟಿನ ಶೇ. 13ಕ್ಕೂ ಹೆಚ್ಚು. ಇದನ್ನು ನೂರು ರೂಪಾಯಿ ಎಂದು ಹಿಡಿದರೆ ಸುಮಾರು 46 ರೂಪಾಯಿ ಸಂಬಳ, ರೇಷನ್, ಇಂಧನ, ರಿಪೇರಿ, ಬಿಡಿಭಾಗದಂಥ ನಿತ್ಯದ ಖರ್ಚಿಗೆ ಹೋಗುತ್ತದೆ. ಸುಮಾರು 24 ರೂಪಾಯಿ ಪೆನ್ಷನ್. ನಾಲ್ಕು ರೂಪಾಯಿ ಸಚಿವಾಲಯದ ನಾಗರಿಕ ವಿಭಾಗಗಳಿಗೆ. ಬಂಡವಾಳ ವೆಚ್ಚಕ್ಕೆ ಉಳಿಯುವುದು 26 ರೂಪಾಯಿ, ಅದರಲ್ಲೂ ಹೊಸ ವಿಮಾನ, ಹಡಗು, ತೋಪು, ರೇಡಾರ್ ಕೊಳ್ಳುವ ಆಧುನೀಕರಣದ ಬಾಬ್ತು 22ರ ಆಸುಪಾಸು. ಈ 22ರಲ್ಲಿ ಮುಕ್ಕಾಲು ಪಾಲು, ಅಂದರೆ 1,11,544 ಕೋಟಿ, ದೇಶದೊಳಗಿನ ಖರೀದಿಗೇ ಮೀಸಲು ಎಂದು ಸರ್ಕಾರ ಹೇಳಿತು. ನಮ್ಮ ನೂರರ ಲೆಕ್ಕದಲ್ಲಿ 16 ರೂಪಾಯಿ ಚಿಲ್ಲರೆ. ಆ 16ರಲ್ಲಿ ಕಾಲು ಭಾಗ, 27,886 ಕೋಟಿ, ಖಾಸಗಿ ಉದ್ಯಮಕ್ಕೆ. ನೂರರಲ್ಲಿ ನಾಲ್ಕು ರೂಪಾಯಿ.

ನಾಲ್ಕು ರೂಪಾಯಿಯೇ ಎಲ್ಲ ಅಲ್ಲ, ಒಪ್ಪುತ್ತೇನೆ. ವಿಮಾನ ಮಾಡುವ ಎಚ್‌ಎಎಲ್, ರೇಡಾರ್ ಮಾಡುವ ಬಿಇಎಲ್‌ನಂಥ ಸರ್ಕಾರಿ ಕಂಪನಿಗಳು ತಮಗೆ ಬಂದ ಆರ್ಡರಿನಲ್ಲಿ ಒಂದಷ್ಟನ್ನು ಹೊರಗೆ ಕೊಡುತ್ತವೆ. ನಿತ್ಯದ ಖರ್ಚಿನಲ್ಲೂ ಬಟ್ಟೆ, ಬೂಟು, ಬಿಡಿಭಾಗದ ಖರೀದಿ ಇರುತ್ತದೆ. ಹಾಗಾದರೆ ನಮ್ಮಂಥವರ ತನಕ ಬಂದು ಮುಟ್ಟುವುದು ನಾಲ್ಕೋ, ಆರೋ, ಎಂಟೋ? ಆ ಒಂದು ಅಂಕಿ ಎಲ್ಲೂ ಅಚ್ಚಾಗುವುದಿಲ್ಲ. ಈ ಪತ್ರದ ತಕರಾರು ಇಷ್ಟೇ.

ಪೆನ್ಷನ್ ವಿಷಯ ಬಂದದ್ದರಿಂದ ಒಂದು ಮಾತು. 1,60,795 ಕೋಟಿ ಎಂದರೆ ಕೇಂದ್ರದ ಶಿಕ್ಷಣ ಸಚಿವಾಲಯದ ಆ ವರ್ಷದ ಪೂರ್ತಿ ಬಜೆಟ್ಟಿಗಿಂತ (1,28,650 ಕೋಟಿ) ಹೆಚ್ಚು ಎಂದು ಕೆಲವರು ಹುಬ್ಬೇರಿಸುತ್ತಾರೆ. ಸಾಲಿ-ದವಾಖಾನೆಯ ಖರ್ಚಿನ ದೊಡ್ಡ ಪಾಲು ಹೊರುವುದು ರಾಜ್ಯಗಳು, ಆದ್ದರಿಂದ ಆ ಹೋಲಿಕೆಯೇ ಸರಿಯಲ್ಲ ಎಂಬುದು ನಿಮಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿಲ್ಲ. ಅಲ್ಲದೆ ಪೆನ್ಷನ್ ಯಾರ ಧರ್ಮವೂ ಅಲ್ಲ, ದುಡಿದವರ ಬಾಕಿ. ಕುಂದಗೋಳ, ರೋಣ, ಶಿರಹಟ್ಟಿ ಕಡೆಯ ಹಳ್ಳಿಗಳಲ್ಲಿ ಮಾಜಿ ಸೈನಿಕನ ಪೆನ್ಷನ್ನಿನಿಂದ ಬೋರು ಕೊರೆಸಿದ, ಮಗಳನ್ನು ನರ್ಸಿಂಗ್ ಓದಿಸಿದ ಮನೆಗಳು ಸಿಗುತ್ತವೆ. ಆ ರೊಕ್ಕ ಊರಲ್ಲೇ ಓಡಾಡುತ್ತದೆ. ಅದಕ್ಕೆ ಕೈ ಹಾಕಿ ಎಂದು ನಾನು ಹೇಳುವುದಿಲ್ಲ. ಆದರೆ ಅದರಿಂದ ಹೊಸ ಕಸುಬು ಹುಟ್ಟುವುದಿಲ್ಲ. ಹುಟ್ಟಬೇಕಾದರೆ ಆ 16 ರೂಪಾಯಿಯಿಂದಲೇ ಹುಟ್ಟಬೇಕು.

ಸೈನ್ಯದ ಖರ್ಚಿನಿಂದ ದೇಶ ಬೆಳೆಯುತ್ತದೋ ಸೊರಗುತ್ತದೋ ಎಂಬುದು ಹಳೆಯ ಜಗಳ. ಅಮೆರಿಕದ ಎಮಿಲ್ ಬೆನೊಯ್ ಎಂಬ ಅರ್ಥಶಾಸ್ತ್ರಜ್ಞ 1950ರಿಂದ 1965ರ ತನಕದ 44 ಬಡ ದೇಶಗಳ ಅಂಕಿಗಳನ್ನು ಜೋಡಿಸಿ, ರಕ್ಷಣೆಗೆ ಹೆಚ್ಚು ಖರ್ಚು ಮಾಡಿದ ದೇಶಗಳೇ ವೇಗವಾಗಿ ಬೆಳೆದಿವೆ ಎಂದ. ತಿಳಿದವರೆಲ್ಲ ಹೌಹಾರಿದರು. ಆಮೇಲಿನವರು ಅದೇ ಪ್ರಶ್ನೆಯನ್ನು ಮತ್ತೆ ಕೆದಕಿ, ಹಾಗೆ ಬೆಳೆದ ಎಷ್ಟೋ ದೇಶಗಳಿಗೆ ಹೊರಗಿನ ನೆರವೂ ದಂಡಿಯಾಗಿ ಬರುತ್ತಿತ್ತು, ಬೆಳೆಸಿದ್ದು ಸೈನ್ಯವೋ ನೆರವೋ ಹೇಗೆ ಹೇಳುತ್ತೀರಿ ಎಂದು ಕೇಳಿದರು. ಸೈನ್ಯಕ್ಕೆ ಹೋದ ಬಂಡವಾಳ ಬೇರೆ ಹೂಡಿಕೆಯನ್ನು ಹಿಂಡುತ್ತದೆ ಎಂದು ತೋರಿಸಿದವರೂ ಇದ್ದಾರೆ. ಜಪಾನ್ 1976ರಲ್ಲಿ ರಕ್ಷಣಾ ಖರ್ಚಿಗೆ ರಾಷ್ಟ್ರೀಯ ಉತ್ಪನ್ನದ ಶೇ. 1ರ ಮಿತಿ ಹಾಕಿಕೊಂಡಿತು. ದಕ್ಷಿಣ ಕೊರಿಯಾ ಆ ಕಾಲಕ್ಕೆ ಅದರ ಹಲವು ಪಟ್ಟು ಪಾಲು ಖರ್ಚು ಮಾಡುತ್ತಿತ್ತು. ಎರಡೂ ಬೆಳೆದವು. ಶೇಕಡಾ ಎಷ್ಟು ಎಂದು ಹೊಡೆದಾಡುವುದರಲ್ಲಿ ಅರ್ಥವಿಲ್ಲ ಎಂದು ನನಗನಿಸುವುದು ಇದಕ್ಕೇ. ರೊಕ್ಕ ಯಾರ ಕೈಗೆ ಹೋಯಿತು, ಅವರು ಅದರಿಂದ ಏನು ಕಲಿತರು ಎನ್ನುವುದೇ ಮುಖ್ಯ.

ದೂರ ಹೋಗುವುದು ಬೇಡ, ಬೆಂಗಳೂರನ್ನೇ ನೋಡಿ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಜೊತೆಗೂಡಿ ವಿಮಾನದ ಕಾರ್ಖಾನೆ (ಇಂದಿನ ಎಚ್‌ಎಎಲ್) ತೆಗೆದರು. 1953ರಲ್ಲಿ ಯಂತ್ರ ಮಾಡುವ ಎಚ್‌ಎಂಟಿ ಬಂತು, 1954ರಲ್ಲಿ ಬಿಇಎಲ್. ಆ ಕಾರ್ಖಾನೆಗಳು ಮಾಡಿದ ವಿಮಾನ, ರೇಡಿಯೋ ಒಂದು ಕಡೆ ಇರಲಿ. ಅಲ್ಲಿ ಮೈಕ್ರೋಮೀಟರ್ ಹಿಡಿಯಲು ಕಲಿತ ಫಿಟ್ಟರ್, ಟರ್ನರ್, ಟೂಲ್‌ಮೇಕರ್‌ಗಳು ಮುಂದೆ ಪೀಣ್ಯದಲ್ಲಿ ಶೆಡ್ ಹಾಕಿದರು. ಅವರ ಕೈಕೆಳಗೆ ಇನ್ನಷ್ಟು ಹುಡುಗರು ಕಲಿತರು. ರಕ್ಷಣೆಯ ರೂಪಾಯಿ ದೇಶವನ್ನು ಬೆಳೆಸಿತು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದು ಈ ಅರ್ಥದಲ್ಲಿ. ಇದು ತುಮಕೂರಿನ ತನಕ ಬಂದು ನಿಂತಿದೆ. 2023ರ ಫೆಬ್ರುವರಿಯಲ್ಲಿ ಗುಬ್ಬಿ ತಾಲೂಕಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದಾಗ ರಾಜ್ಯದ ಮುಖ್ಯಮಂತ್ರಿ ನೀವೇ. ತುಂಗಭದ್ರೆ ದಾಟಿ ಈ ಕಡೆ ಬರಲು ಅದಕ್ಕೆ ಇನ್ನೆಷ್ಟು ವರ್ಷ ಬೇಕು?

ನನ್ನ ಶಾಪಿಗೆ ಆ ರಕ್ಷಣೆಯ ಕೆಲಸ ಒಮ್ಮೆ ಬಂದಿತ್ತು. ಹೆಸರು ಬೇಡ, ಒಬ್ಬ ದೊಡ್ಡ ಗುತ್ತಿಗೆದಾರ, ಅವನ ಕೆಳಗೆ ಒಬ್ಬ, ಆ ಕೆಳಗಿನವನ ಕೆಳಗೆ ನಾನು. ಕೆಲಸ ಸಣ್ಣದು, ಅಲ್ಯುಮಿನಿಯಂ ಬ್ರಾಂಜ್ ಬುಷ್, ಅಂದರೆ ಶಾಫ್ಟಿನ ಸುತ್ತ ಕೂಡುವ ಟೊಳ್ಳು ಕೊಳವೆ. ಹೊರವ್ಯಾಸ 32 ಎಂಎಂ, ಒಳವ್ಯಾಸ 20, ಟಾಲರೆನ್ಸ್ (ಅಳತೆ ಹೆಚ್ಚುಕಡಿಮೆಯಾಗಬಹುದಾದ ಮಿತಿ) 15 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ 15 ಪಾಲು. ಟ್ರ್ಯಾಕ್ಟರ್ ಬುಷ್ ಮಾಡಿ ಪಳಗಿದ ನಮ್ಮ ಹುಡುಗರಿಗೆ ಮೊದಮೊದಲು ಕೈ ನಡುಗಿತು. ಮಧ್ಯಾಹ್ನದ ಬಿಸಿಲಿಗೆ ಶೆಡ್ಡಿನ ತಗಡು ಕಾದರೆ ಅಳತೆ ಬೇರೆ ಬರುತ್ತದೆ ಎಂದು ಅವರೇ ಕಂಡುಕೊಂಡರು. ಫೈನಲ್ ಕಟ್ ಬೆಳಗಿನ ತಂಪಿನಲ್ಲೇ ಹೊಡೆಯುವುದು ಎಂದು ಅವರೇ ನಿಯಮ ಮಾಡಿದರು. ಬುಷ್ಷನ್ನು ಎಣ್ಣೆ ಕಾಗದದಲ್ಲಿ ಸುತ್ತುತ್ತಾ ಒಬ್ಬ ಕೇಳಿದ: "ಸಾವಕಾರ್ರ, ಇದು ಖರೇನ ವಿಮಾನಕ್ಕ ಹೋಗತೈತೇನ್ರಿ?" ವಿಮಾನಕ್ಕೋ ಗಾಡಿಗೋ, ನನಗೂ ಡ್ರಾಯಿಂಗ್ ಬಿಟ್ಟು ಬೇರೆ ಏನೂ ಹೇಳಿರಲಿಲ್ಲ. ಹೋಗತೈತಿ ಅಂದೆ.

ಕೆಲಸ ಕಷ್ಟ ಕೊಡಲಿಲ್ಲ. ಕಷ್ಟ ಕೊಟ್ಟದ್ದು ಸುತ್ತಲಿನದು. ಮಟೀರಿಯಲ್ ಅವರು ಒಪ್ಪಿದ ಮಿಲ್ಲಿನದೇ ಆಗಬೇಕು, ಟೆಸ್ಟ್ ಸರ್ಟಿಫಿಕೇಟ್ ಸಮೇತ. ಆ ಮಿಲ್ಲಿನವರು ನನಗೆ ಬೇಕಾದ ಎರಡು ಬಾರ್ ಕೊಡುವುದಿಲ್ಲ, ಕನಿಷ್ಠ ಇಷ್ಟು ಕ್ವಿಂಟಲ್ ಎನ್ನುತ್ತಾರೆ. ಮಿಕ್ಕ ಬಾರ್‌ಗಳು ಇವತ್ತಿಗೂ ನನ್ನ ರ‍್ಯಾಕಿನಲ್ಲಿ ಮಲಗಿವೆ. ಸ್ಯಾಂಪಲ್ ಪರೀಕ್ಷೆಗೆ ಬೆಂಗಳೂರಿಗೇ ಕಳಿಸಬೇಕು, ರಿಪೋರ್ಟಿನಲ್ಲಿ ಒಂದು ಕಾಲಂ ಬಿಟ್ಟುಹೋದರೆ ಮತ್ತೆ ಕಳಿಸಬೇಕು. ಇದೆಲ್ಲ ಆಯಿತು, ಮಾಲು ಪಾಸಾಯಿತು. ದೀಪಾವಳಿ ಮುಂದೆ ಕಳಿಸಿದ ಮಾಲಿನ ರೊಕ್ಕ ಮುಂಗಾರು ಬಿತ್ತನೆ ಹೊತ್ತಿಗೆ ಬಂತು. ಫೋನ್ ಮಾಡಿದಾಗಲೆಲ್ಲ ಒಂದೇ ಉತ್ತರ: "ನಮಗೇ ಮೇಲಿಂದ ಬಂದಿಲ್ಲ ಸರ್." ಪರ್ಚೇಸ್ ಆರ್ಡರಿನಲ್ಲೇ ಬರೆದಿತ್ತು, ಪೇಮೆಂಟ್ ಬ್ಯಾಕ್ ಟು ಬ್ಯಾಕ್. ಅವನಿಗೆ ಬಂದರೆ ನನಗೆ.

ಬಿಲ್ ಮಾಡಿದ ಮರುತಿಂಗಳು 20ನೇ ತಾರೀಖಿಗೆ ಜಿಎಸ್‌ಟಿ ಕಟ್ಟಬೇಕು, ರೊಕ್ಕ ಬರಲಿ ಬಿಡಲಿ. ಬ್ಯಾಂಕಿನ ಸಿಸಿ ಲಿಮಿಟ್ಟಿನಿಂದ ತೆಗೆದು ಕಟ್ಟಿದೆ. ಅಂದರೆ ದೇಶದ ಸೈನ್ಯದ ಕೆಲಸ ಮಾಡಿಕೊಟ್ಟು, ಅದರ ಮೇಲಿನ ತೆರಿಗೆಯನ್ನು ಸಾಲ ತಂದು ದೇಶಕ್ಕೇ ಕಟ್ಟಿ, ಆ ಸಾಲದ ಬಡ್ಡಿಯನ್ನು ಬ್ಯಾಂಕಿಗೆ ಕೊಟ್ಟೆ. ಎರಡನೇ ಪಾಳಿ ಶುರು ಮಾಡುವ, ವಿಎಂಸಿ (ಕಂಪ್ಯೂಟರಿನಿಂದ ನಡೆಯುವ ಮಿಲ್ಲಿಂಗ್ ಮಷಿನ್) ತರುವ, ಇನ್ನಿಬ್ಬರು ಅಪ್ರೆಂಟಿಸ್ ಹುಡುಗರನ್ನು ತೆಗೆದುಕೊಳ್ಳುವ ಯೋಚನೆಯೆಲ್ಲ ಅಲ್ಲಿಗೇ ನಿಂತಿತು. ಅರ್ಥಶಾಸ್ತ್ರದ ಪುಸ್ತಕದಲ್ಲಿ ಗುಣಕ ಎಂದು ಹೇಳುತ್ತಾರಲ್ಲ, ಸರ್ಕಾರದ ಒಂದು ರೂಪಾಯಿ ಕೈಯಿಂದ ಕೈಗೆ ಹೋಗಿ ಒಂದಕ್ಕಿಂತ ಹೆಚ್ಚಾಗುವುದು. ಅದು ತಿಂಗಳುಗಟ್ಟಲೆ ಯಾರದೋ ಅಕೌಂಟಿನಲ್ಲಿ ಮಲಗಿದರೆ ಯಾವ ಕೈಗೂ ಹೋಗುವುದಿಲ್ಲ. ಮುಂದಿನ ಆರ್ಡರ್ ಬಂದಾಗ ನಾನು ಕೈಮುಗಿದೆ. ಈಗ ಮತ್ತೆ ಟ್ರ್ಯಾಕ್ಟರ್ ಬುಷ್ಷು, ಪಂಪಿನ ಶಾಫ್ಟು.

ಕಾನೂನು ಇಲ್ಲವೇ ಎಂದರೆ, ಇದೆ. 2006ರ ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ (ಎಂಎಸ್‌ಎಂಇ) ಅಭಿವೃದ್ಧಿ ಕಾಯ್ದೆಯ ಪ್ರಕಾರ ಸಣ್ಣ ಉದ್ಯಮದ ಬಿಲ್ಲನ್ನು 45 ದಿನ ಮೀರಿ ಇಟ್ಟುಕೊಳ್ಳುವಂತಿಲ್ಲ. ಇಟ್ಟುಕೊಂಡರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಮಾಲು ಮುಟ್ಟಿ 15 ದಿನದೊಳಗೆ ಲಿಖಿತ ಆಕ್ಷೇಪ ಬಾರದಿದ್ದರೆ ಒಪ್ಪಿಕೊಂಡಂತೆಯೇ ಲೆಕ್ಕ. ದೂರು ಕೊಡಲು ಸರ್ಕಾರದ ಪೋರ್ಟಲ್ ಇದೆ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲೂ ಬಿಗಿ ಮಾಡಿದ್ದಾರೆ. ಅವಧಿ ಮೀರಿ ಬಾಕಿ ಉಳಿಸಿಕೊಂಡ ಬಿಲ್ಲನ್ನು ಕೊಂಡವನು ರೊಕ್ಕ ಕೊಟ್ಟ ವರ್ಷವಷ್ಟೇ ಖರ್ಚೆಂದು ತೋರಿಸಬಹುದು. ಎಲ್ಲ ಸರಿ. ಆದರೆ ಮೂರನೇ ಹಂತದಲ್ಲಿರುವವನು ಎರಡನೇ ಹಂತದವನ ಮೇಲೆ ದೂರು ಕೊಟ್ಟ ದಿನವೇ ವೆಂಡರ್ ಪಟ್ಟಿಯಿಂದ ಅವನ ಹೆಸರು ಹೋಗುತ್ತದೆ. ಹೊಳೆಯಲ್ಲಿದ್ದು ಮೊಸಳೆಯ ಹಗೆ ಯಾರು ಕಟ್ಟಿಕೊಳ್ಳುತ್ತಾರೆ ಸಾಹೇಬರೇ?

ಇದಕ್ಕಿಂತ ದೊಡ್ಡ ತೂತು ಖರೀದಿ ನೀತಿಯಲ್ಲೇ ಇದೆ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ ಸರ್ಕಾರಿ ಇಲಾಖೆಗಳು, ಕೇಂದ್ರದ ಉದ್ದಿಮೆಗಳು ವರ್ಷದ ಖರೀದಿಯ ಒಂದು ಪಾಲನ್ನು ಕೊಳ್ಳಲೇಬೇಕೆಂದು 2012ರಲ್ಲಿ ಆದೇಶ ಬಂತು. 2019ರಿಂದ ಆ ಪಾಲು ಶೇ. 20ರಿಂದ 25ಕ್ಕೆ ಏರಿತು. ಅದೇ ಆದೇಶದಲ್ಲಿ ಶಸ್ತ್ರಾಸ್ತ್ರ ವ್ಯವಸ್ಥೆ, ಕ್ಷಿಪಣಿಯಂಥ ರಕ್ಷಣಾ ಸಾಮಗ್ರಿಗಳನ್ನು ಹೊರಗಿಟ್ಟರು. ಕ್ಷಿಪಣಿಯನ್ನು ನರಸಾಪುರದಲ್ಲಿ ಮಾಡಲಿಕ್ಕಾಗುವುದಿಲ್ಲ, ಸರಿ. ಆದರೆ ಅದರೊಳಗಿನ ಬುಷ್, ಬ್ರಾಕೆಟ್, ಪಿನ್ನು, ಸ್ಪೇಸರ್? ಎಚ್‌ಎಎಲ್, ಬಿಇಎಲ್ ಸರ್ಕಾರಿ ಕಂಪನಿಗಳಾದ್ದರಿಂದ ಅವು ತಮ್ಮ ಖರೀದಿಗೆ ಶೇ. 25ರ ಲೆಕ್ಕ ಕೊಡಬೇಕು. ಖಾಸಗಿ ಗುತ್ತಿಗೆದಾರನಿಗೆ ಆ ನೀತಿ ತಟ್ಟುವುದೇ ಇಲ್ಲ. ರಕ್ಷಣಾ ಉತ್ಪಾದನೆಯಲ್ಲಿ ಖಾಸಗಿಯವರ ಪಾಲು ಬೆಳೆಯಬೇಕು ಎನ್ನುವುದು ಸರ್ಕಾರದ ನೀತಿ. ನನಗೂ ಅದು ಬೇಕು. ಅದು ಬೆಳೆದಷ್ಟೂ ಈ ತೂತು ದೊಡ್ಡದಾಗುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳುತ್ತಿಲ್ಲ.

2024-25ರಲ್ಲಿ ದೇಶದ ರಕ್ಷಣಾ ಉತ್ಪಾದನೆ 1,50,590 ಕೋಟಿ ಮುಟ್ಟಿತು. ರಫ್ತು 23,622 ಕೋಟಿ. 2013-14ರಲ್ಲಿ ಅದು 686 ಕೋಟಿ ಇತ್ತು. ಇದನ್ನು ನಾನು ಅಲ್ಲಗಳೆಯುವುದಿಲ್ಲ, ಹೆಮ್ಮೆಯೂ ಇದೆ. ಈ ವಲಯದಲ್ಲಿ 16,000ಕ್ಕೂ ಹೆಚ್ಚು ಸಣ್ಣ, ಮಧ್ಯಮ ಉದ್ಯಮಗಳಿವೆ ಎಂದೂ ಸರ್ಕಾರ ಹೇಳುತ್ತದೆ. ಅವು ಯಾವ ಜಿಲ್ಲೆಯವು, ಒಂದೊಂದಕ್ಕೆ ಎಷ್ಟು ಸಿಕ್ಕಿತು, ಎಷ್ಟು ದಿನಕ್ಕೆ ಸಿಕ್ಕಿತು? ಒಂದು ಬುಷ್ ಮಾಡಿ ಕೈಮುಗಿದ ನನ್ನಂಥವನೂ ಆ 16,000ದಲ್ಲಿ ಇದ್ದೇನೆಯೇ?

ನಮ್ಮ ಭಾಗಕ್ಕೆ ಇದು ಹೊಸ ಅನುಭವವಲ್ಲ. ಮಲಪ್ರಭಾ ಕಾಲುವೆಯ ಕೊನೆಯ ಹೊಲದವರಿಗೆ ನೀರು ಬರುವ ಮೊದಲೇ ಅಭಿವೃದ್ಧಿ ಕರದ ನೋಟಿಸು ಬಂದಿತ್ತು. 1980ರಲ್ಲಿ ನರಗುಂದ, ನವಲಗುಂದ ಎದ್ದು ನಿಂತದ್ದು ಅದಕ್ಕೇ. ರಕ್ಷಣೆಯ ರೂಪಾಯಿಯ ಕಾಲುವೆಯಲ್ಲೂ ನಾವು ಆ ಕೊನೆಯ ಹೊಲದವರೇ.

ಸರ್ಕಾರದ ಖರೀದಿ ಒಂದು ಊರನ್ನು ಎತ್ತಿ ನಿಲ್ಲಿಸಬಲ್ಲದು ಎಂಬುದಕ್ಕೂ ಉದಾಹರಣೆ ನಮ್ಮಲ್ಲೇ ಇದೆ. ರಾಷ್ಟ್ರಧ್ವಜ ಮಾಡುವ ಹುಬ್ಬಳ್ಳಿಯ ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ. ತುಳಸಿಗೇರಿಯಲ್ಲಿ ನೂತು ನೇಯ್ದ ಬಟ್ಟೆ, ಬೆಂಗೇರಿಯಲ್ಲಿ ಬಣ್ಣ, ಹೊಲಿಗೆ, ಚಕ್ರದ ಅಚ್ಚು; ಒಂದು ನೂಲು ಹೆಚ್ಚುಕಡಿಮೆಯಾದರೂ ಬಿಐಎಸ್ ಮಾನದಂಡದಲ್ಲಿ ಧ್ವಜ ರಿಜೆಕ್ಟ್. ಬಿಗಿಯಾದ ಮಾನದಂಡ, ಖಾತ್ರಿಯ ಗಿರಾಕಿ, ಇವೆರಡರ ಮೇಲೆ ಎಷ್ಟೋ ಹೆಣ್ಣುಮಕ್ಕಳ ಕಸುಬು ನಿಂತಿತು. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆ ತಿದ್ದಿ ಪಾಲಿಯೆಸ್ಟರ್, ಯಂತ್ರದ ಬಟ್ಟೆಗೂ ಅವಕಾಶ ಕೊಟ್ಟಾಗ ಅದೇ ಕಸುಬು ಅಲುಗಾಡಿತು. ದಿಲ್ಲಿಯ ಒಂದು ತಿದ್ದುಪಡಿ ಬೆಂಗೇರಿಯ ಹೊಲಿಗೆ ಯಂತ್ರದ ತನಕ ಮುಟ್ಟುತ್ತದೆ. ಹಾಗೆ ಮುಟ್ಟುವ ತಿದ್ದುಪಡಿ ಒಮ್ಮೆ ಒಳ್ಳೆಯದಕ್ಕೂ ಆಗಲಿ.

ಇನ್ನೊಂದು ವಿಷಯ ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ಕುಂದಗೋಳ ತಾಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರು 2016ರ ಫೆಬ್ರುವರಿಯಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಬದುಕಿ ಉಳಿದು, ದಿಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡದ್ದನ್ನು ನಮ್ಮ ಭಾಗ ಮರೆತಿಲ್ಲ. ಅದು ಹಿಮಪಾತ, ಯಾರ ಮೇಲೂ ಹೊರಿಸುವ ಮಾತಲ್ಲ. ಆದರೆ ಎತ್ತರದ ಪ್ರದೇಶದ ಯೋಧರಿಗೆ ಹಿಮದ ಕನ್ನಡಕ, ಬೂಟುಗಳ ಕೊರತೆಯಿತ್ತು, ಹಳೆಯ ಬೂಟುಗಳನ್ನೇ ಮತ್ತೆ ಸರಿಮಾಡಿ ಹಾಕಿಕೊಳ್ಳಬೇಕಾಯಿತು ಎಂದು ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ 2020ರ ಫೆಬ್ರುವರಿಯಲ್ಲಿ ಸಂಸತ್ತಿನ ಮುಂದೆ ಬಂತು. ಲಕ್ಷಾಂತರ ಕೋಟಿಯ ಬಜೆಟ್ಟಿನಲ್ಲಿ ಬೂಟು ಕಡಿಮೆ ಬೀಳುತ್ತದೆ ಎಂದರೆ ಕೊರತೆ ಇರುವುದು ರೊಕ್ಕದ್ದಲ್ಲ, ಖರೀದಿಯದು.

ಹೊರಗಿನಿಂದ ತರುವುದರ ಬೆಲೆಯೂ ಈಚೆಗೆ ಗೊತ್ತಾಗಿದೆ. 83 ತೇಜಸ್ ಮಾರ್ಕ್-1ಎ ವಿಮಾನಗಳಿಗೆ 2021ರ ಫೆಬ್ರುವರಿಯಲ್ಲಿ ಎಚ್‌ಎಎಲ್ ಜೊತೆ ಒಪ್ಪಂದವಾಯಿತು. ಎಂಜಿನ್ ಅಮೆರಿಕದ್ದು, ಮೊದಲ ಎಂಜಿನ್ ಬಂದದ್ದು 2025ರ ಮಾರ್ಚಿನಲ್ಲಿ. ವಿಮಾನ ತಡವಾದರೆ ಅದರ ಹಿಂದೆ ಸಾಲಾಗಿ ನಿಂತ ಸಣ್ಣವರ ಆರ್ಡರೂ ತಡ.

ನೀವು ಡಿಫೆನ್ಸ್ ಕಾರಿಡಾರ್ (ರಕ್ಷಣಾ ಕೈಗಾರಿಕೆಗಳಿಗೆಂದೇ ಮೀಸಲಾದ ವಲಯ) ತಂದುಕೊಡಿ ಎಂದು ನಾನು ಕೇಳುತ್ತಿಲ್ಲ. 2018ರಲ್ಲಿ ಘೋಷಣೆಯಾದ ಎರಡೂ ಕಾರಿಡಾರ್ ಉತ್ತರ ಪ್ರದೇಶ, ತಮಿಳುನಾಡಿಗೆ ಹೋದವು, ನಮಗೂ ಒಂದು ಬೇಕೆನ್ನುವ ಕೂಗು ಇದೆ. ಬಂದರೆ ಬೇಡವೆನ್ನುವುದಿಲ್ಲ. ಆದರೆ ಕಾರಿಡಾರ್ ಎಂದರೆ ಮೊದಲು ಸಾವಿರಾರು ಎಕರೆ, ಮುಂಡರಗಿ ತಾಲೂಕಿನ ಹಳ್ಳಿಗುಡಿಯಲ್ಲಿ 2011ರಲ್ಲಿ ಕೊರಿಯಾದ ಉಕ್ಕಿನ ಕಂಪನಿ ಪೋಸ್ಕೋಗೆ ಜಮೀನು ಕೇಳಿದಾಗ ರೈತರು ಹೇಗೆ ತಿರುಗಿಬಿದ್ದರೆಂದು ನಿಮಗೆ ಗೊತ್ತು. ನಮಗೆ ಬೇಕಾದದ್ದಕ್ಕೆ ಒಂದು ಗುಂಟೆಯೂ ಬೇಕಿಲ್ಲ. ಒಂದು, ಪರೀಕ್ಷಾ ಕೇಂದ್ರ. 2020ರಲ್ಲಿ 400 ಕೋಟಿಯ ರಕ್ಷಣಾ ಪರೀಕ್ಷಾ ಸೌಲಭ್ಯ ಯೋಜನೆ ಬಂದಾಗ ಬಹುಪಾಲು ಆ ಎರಡು ಕಾರಿಡಾರ್‌ಗಳಿಗೇ ಹೋಯಿತು. ಇಲ್ಲಿ ಐಐಟಿ ಧಾರವಾಡ ಇದೆ, ನೀವು ಓದಿದ ಬಿವಿಬಿ ಎಂಜಿನಿಯರಿಂಗ್ ಕಾಲೇಜು (ಈಗಿನ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ) ಇದೆ, ರೈಲ್ವೆ ವರ್ಕ್‌ಶಾಪ್ ಇದೆ. ಲೋಹ ಪರೀಕ್ಷೆಗೆ ಬೆಂಗಳೂರಿನ ಬಸ್ಸು ಯಾಕೆ ಹಿಡಿಯಬೇಕು? ಇನ್ನೊಂದು, ರಕ್ಷಣಾ ಒಪ್ಪಂದದ ಕಾಗದದಲ್ಲೇ ಒಂದು ಸಾಲು: ಮೇಲಿನವನಿಗೆ ಮುಂದಿನ ಕಂತು ಬೇಕಾದರೆ ಕೆಳಗಿನ ಸಣ್ಣವರ ಬಾಕಿ ತೀರಿಸಿದ ದಾಖಲೆ ಕೊಡಬೇಕು. ದೂರು ಕೊಡುವ ಹೊಣೆ ಸಣ್ಣವನ ಮೇಲಿಂದ ಇಳಿಯುತ್ತದೆ.

ಇದು ದೇಶದ ಗುಟ್ಟಿನ ವಿಷಯ, ಲೆಕ್ಕ ಹೊರಹಾಕಲಿಕ್ಕಾಗುವುದಿಲ್ಲ ಎನ್ನುವವರಿದ್ದಾರೆ. ಡ್ರಾಯಿಂಗ್ ಯಾರೂ ಕೇಳುತ್ತಿಲ್ಲ. ಜಿಲ್ಲೆ ಯಾವುದು, ಮೊತ್ತ ಎಷ್ಟು, ದಿನ ಎಷ್ಟು, ಇಷ್ಟೇ.

ಹಾಗಾಗಿ ಲೋಕಸಭೆಯಲ್ಲಿ ಒಂದು ಚುಕ್ಕೆ ಗುರುತಿನ ಪ್ರಶ್ನೆ (ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸುವಂಥದ್ದು) ಹಾಕಿ ಎಂದು ವಿನಂತಿ. ಕರಡು ನಾನೇ ಬರೆದಿದ್ದೇನೆ, ಭಾಷೆ ನೀವು ತಿದ್ದಿಕೊಳ್ಳಿ. ರಕ್ಷಣಾ ಸಚಿವರು ತಿಳಿಸಬೇಕಾದದ್ದು: (ಅ) ಕಳೆದ ಮೂರು ವರ್ಷಗಳಲ್ಲಿ ದೇಶೀಯ ರಕ್ಷಣಾ ಖರೀದಿಯ ಮೊತ್ತದಲ್ಲಿ ಮುಖ್ಯ ಗುತ್ತಿಗೆದಾರರ ಕೆಳಗಿನ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಸೇರಿದ್ದೆಷ್ಟು, ಜಿಲ್ಲಾವಾರು, (ಆ) ಅವುಗಳ ಬಿಲ್ ಪಾವತಿಗೆ ಹಿಡಿದ ಸರಾಸರಿ ದಿನಗಳೆಷ್ಟು, (ಇ) ಶೇ. 25ರ ಖರೀದಿ ನೀತಿಯನ್ನು ರಕ್ಷಣಾ ಒಪ್ಪಂದ ಪಡೆದ ಖಾಸಗಿ ಕಂಪನಿಗಳಿಗೂ ಅನ್ವಯಿಸುವ ಪ್ರಸ್ತಾವ ಇದೆಯೇ; (ಈ) ಹುಬ್ಬಳ್ಳಿ-ಧಾರವಾಡದಲ್ಲಿ ರಕ್ಷಣಾ ಪರೀಕ್ಷಾ ಕೇಂದ್ರ ತೆರೆಯುವ ಯೋಚನೆ ಇದೆಯೇ.

ಮೊದಲೆರಡಕ್ಕೆ ಅಂಥ ಮಾಹಿತಿಯನ್ನು ನಿರ್ವಹಿಸಲಾಗುತ್ತಿಲ್ಲ ಎಂಬ ಉತ್ತರ ಬರುತ್ತದೆ ಎಂಬುದು ನನ್ನ ಅಂದಾಜು. ಆಗ ಉಪಪ್ರಶ್ನೆಗೆ ಎದ್ದು ನಿಂತು ಇದನ್ನು ಕೇಳಿ: ನಾನು ಬುಷ್ ಕಳಿಸಿದ ದಿನವೇ ಅದರ ಬಿಲ್ ನಂಬರು, ನನ್ನ ಜಿಲ್ಲೆ, ಕೊಂಡವನ ಜಿಎಸ್‌ಟಿ ನಂಬರು ಎಲ್ಲ ನನ್ನ ಲೆಕ್ಕಪತ್ರದಲ್ಲಿ ಕೂತವು, ಮರುತಿಂಗಳು ಸರ್ಕಾರದ ಪೋರ್ಟಲ್‌ಗೂ ಹೋದವು. ತೆರಿಗೆ ಎಣಿಸಲು ಸಾಕಾದ ಆ ಮಾಹಿತಿ ಪಾವತಿ ಎಣಿಸಲು ಯಾಕೆ ಸಾಲದು?

ಇಂತಿ ತಮ್ಮ ವಿಶ್ವಾಸಿ,
ನರಸಾಪುರ ಕೈಗಾರಿಕಾ ಪ್ರದೇಶದ ಒಬ್ಬ ಮಷಿನ್ ಶಾಪ್ ಮಾಲೀಕ
ಗದಗ